ಸಕ್ಕರೆಯ ಆದೇಶರೂಪ: ಪಿಷ್ಟಪಾಚಕ ಕಿಣ್ವಗಳನ್ನು ತಡೆಯುವ ಔಷಧಗಳ ರಚನಾವಿಚಾರ

ವ್ಯಾಕರಣದ ತರಗತಿಯಲ್ಲಿ ಸಂಧಿಪ್ರಕರಣವನ್ನು ಬೋಧಿಸುವಾಗ ಲೋಪ, ಆಗಮ, ಆದೇಶಗಳೆಂಬ ಮೂರು ವಿಕಾರಗಳನ್ನು ಹೇಳುವುದು ವಾಡಿಕೆ. 'ಮಳೆ', 'ಕಾಲ' ಎಂಬ ಎರಡು ಪದಗಳು ಕೂಡಿ 'ಮಳೆಗಾಲ' ಎಂದಾಗುವಲ್ಲಿ ಕಕಾರದ ಸ್ಥಾನದಲ್ಲಿ ಗಕಾರವು ಬಂದು ನಿಲ್ಲುತ್ತದೆ. ಹೀಗೆ ಒಂದರ ಸ್ಥಾನದಲ್ಲಿ ಬಂದು ನಿಲ್ಲುವ ಮತ್ತೊಂದಕ್ಕೆ ಆದೇಶವೆಂದು ಹೆಸರು. ಯಾವುದರ ಸ್ಥಾನದಲ್ಲಿ ಅದು ಬಂದಿತೋ ಅದು ಸ್ಥಾನಿ. ಇಪ್ಪತ್ತೆಂಟು ವರ್ಷಗಳಿಂದ ಈ ಪಾಠವನ್ನು ಹೇಳಿಕೊಂಡು ಬಂದಿರುವ ನನಗೆ, ಇದನ್ನೇ ಹೋಲುವ ನ್ಯಾಯವೊಂದನ್ನು ಹಿಡಿದು ರಸಾಯನಶಾಸ್ತ್ರಜ್ಞರು ಒಂದು ಬಗೆಯ ಔಷಧಗಳನ್ನು ರಚಿಸಿರುವರೆಂದೂ, ಅವುಗಳಲ್ಲೊಂದನ್ನು ನಾನೇ ದಿನವೂ ನುಂಗುತ್ತಿರುವೆನೆಂದೂ ತಿಳಿದುಬಂದುದು ಒಂದು ಆಕಸ್ಮಿಕ ಪ್ರಸಂಗದಿಂದ.

ಅದು ವಾರ್ಷಿಕ ಪರೀಕ್ಷೆಯ ದಿನ. ಮಧುಮೇಹಕ್ಕೆಂದು ವೈದ್ಯರು ಬರೆದುಕೊಟ್ಟಿದ್ದ ಬೆಳಗಿನ ಎರಡು ಗುಳಿಗೆಗಳನ್ನು ಸೇವಿಸಿ, ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ಅರ್ಧ ರೊಟ್ಟಿಯನ್ನಷ್ಟೇ ತಿಂದು, ಮೇಲ್ವಿಚಾರಣೆಗೆಂದು ಕೊಠಡಿಯನ್ನು ಹೊಕ್ಕೆನು. ಒಂದು ತಾಸು ಕಳೆಯುವಷ್ಟರಲ್ಲಿ ಮೈಯೆಲ್ಲ ಬೆವೆತು, ಕೈ ನಡುಗಿ, ಕಣ್ಣು ಕತ್ತಲಿಟ್ಟಿತು. ರಕ್ತದಲ್ಲಿ ಸಕ್ಕರೆಯ ಅಂಶ ಇಳಿದಿದೆಯೆಂದು ಊಹಿಸಿದ ಜವಾನನು ಓಡಿಹೋಗಿ, ನೀರಿನಲ್ಲಿ ಸಕ್ಕರೆ ಕದಡಿ ತಂದು ಕುಡಿಸಿದನು. ಕಾಲು ಗಂಟೆ ಕಳೆದರೂ ನಡುಕ ನಿಲ್ಲಲಿಲ್ಲ. ಅಷ್ಟರಲ್ಲಿ ಬಂದ ವಿಜ್ಞಾನದ ಅಧ್ಯಾಪಕರು ನನ್ನ ಕಿಸೆಯಲ್ಲಿದ್ದ ಗುಳಿಗೆಗಳನ್ನು ನೋಡಿ, "ಪಂಡಿತರೇ, ಈ ಗುಳಿಗೆ ನುಂಗಿದವರಿಗೆ ಸಕ್ಕರೆ ಸಾಲದು, ಗ್ಲೂಕೋಸೇ ಆಗಬೇಕು" ಎಂದು ಹೇಳಿ, ಆಟದ ಮಕ್ಕಳಿಗಾಗಿ ವ್ಯಾಯಾಮ ಶಿಕ್ಷಕರು ಇರಿಸಿದ್ದ ಗ್ಲೂಕೋಸ್ ಪುಡಿಯನ್ನು ತರಿಸಿ ನೀರಿನಲ್ಲಿ ಕಲಸಿ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿಯೇ ಚೇತರಿಸಿಕೊಂಡೆನು.

ಸಕ್ಕರೆಯೂ ಸಿಹಿ, ಗ್ಲೂಕೋಸೂ ಸಿಹಿ. ಒಂದು ಹೊತ್ತಿಗೆ ಒದಗದೆ ಮತ್ತೊಂದು ಒದಗಿದುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಆ ಅಧ್ಯಾಪಕಮಿತ್ರರ ಬಳಿ ವಿದ್ಯಾರ್ಥಿಯಂತೆ ಕುಳಿತು ಕಲಿತುದನ್ನು ವಾಚಕಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ೧೦ ಕೋಟಿಗೂ ಮಿಕ್ಕ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. ಆದುದರಿಂದ ಇದು ಒಬ್ಬಿಬ್ಬರ ಮನೆಯ ವಿಷಯವಲ್ಲ.

ಅನ್ನವು ಸಕ್ಕರೆಯಾಗುವ ಬಗೆ

ನಾವು ಉಣ್ಣುವ ಅನ್ನ, ಜೋಳದ ರೊಟ್ಟಿ, ರಾಗಿಯ ಮುದ್ದೆ, ಗೋಧಿಯ ಚಪಾತಿ ಇವೆಲ್ಲವುಗಳ ಬಹುಭಾಗ ಪಿಷ್ಟ. ಪಿಷ್ಟವೆಂಬುದು ಗ್ಲೂಕೋಸಿನ ಅಣುಗಳನ್ನು ಮಣಿಗಳಂತೆ ಪೋಣಿಸಿದ ದೀರ್ಘವಾದ ಸರ. ಒಂದು ಮಣಿಗೂ ಮತ್ತೊಂದಕ್ಕೂ ನಡುವಣ ಕೊಂಡಿ ಆಮ್ಲಜನಕದ ಒಂದು ಪರಮಾಣು. ಕರುಳಿನ ಗೋಡೆಯು ಬಿಡಿಯಾದ ಮಣಿಗಳನ್ನಲ್ಲದೆ ಸರವನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಸರವನ್ನು ಕತ್ತರಿಸಲೇಬೇಕು. ಈ ಕತ್ತರಿಯ ಕೆಲಸ ಮಾಡುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು.

ಬಾಯಿಯ ಜೊಲ್ಲಿನಲ್ಲಿಯೂ ಮೇದೋಜೀರಕ ಗ್ರಂಥಿಯ ರಸದಲ್ಲಿಯೂ ಇರುವ ಅಮೈಲೇಸ್ ಎಂಬ ಕಿಣ್ವವು ಉದ್ದವಾದ ಸರವನ್ನು ಎರಡು ಮೂರು ಮಣಿಗಳ ತುಣುಕುಗಳನ್ನಾಗಿಯೂ, ಕವಲುಳ್ಳ ಸಣ್ಣ ತುಂಡುಗಳನ್ನಾಗಿಯೂ ಮಾಡುತ್ತದೆ. ಸಣ್ಣ ಕರುಳಿನ ಒಳಗೋಡೆಗೆ ಅಂಟಿಕೊಂಡಿರುವ ಮಾಲ್ಟೇಸ್, ಸುಕ್ರೇಸ್ ಮೊದಲಾದ ಕಿಣ್ವಗಳು ಆ ತುಣುಕುಗಳನ್ನು ಬಿಡಿ ಗ್ಲೂಕೋಸನ್ನಾಗಿ ಬಿಡಿಸುತ್ತವೆ. ಈ ಎರಡನೆಯ ಗುಂಪಿಗೆ ಗ್ಲೂಕೋಸಿಡೇಸುಗಳೆಂಬ ಹೆಸರುಂಟು. ನಾವು ಚಹಕ್ಕೆ ಹಾಕುವ ಸಕ್ಕರೆಯು ಗ್ಲೂಕೋಸ್ ಒಂದು, ಫ್ರಕ್ಟೋಸ್ ಒಂದು, ಹೀಗೆ ಎರಡು ಮಣಿಗಳ ಜೋಡಿ. ಅದನ್ನು ಬಿಡಿಸತಕ್ಕದ್ದು ಸುಕ್ರೇಸ್. ಗ್ಲೂಕೋಸ್ ಪುಡಿಯಾದರೋ ಬಿಡಿ ಮಣಿಯೇ ಆದುದರಿಂದ ಅದಕ್ಕೆ ಕತ್ತರಿಯ ಅಗತ್ಯವಿಲ್ಲ. ನನ್ನ ಪ್ರಶ್ನೆಯ ಉತ್ತರದ ಅರ್ಧಭಾಗ ಇಲ್ಲಿಯೇ ದೊರಕಿತು.

ಕಿಣ್ವಗಳ ಅಧ್ಯಯನವು ಆರಂಭವಾದುದೇ ಪಿಷ್ಟದಿಂದ. ೧೮೩೩ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಎಂಬವರು ಮೊಳೆತ ಬಾರ್ಲಿಯಿಂದ ಪಿಷ್ಟವನ್ನು ಕರಗಿಸುವ ದ್ರವ್ಯವನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ೧೮೯೪ರಲ್ಲಿ ಜರ್ಮನಿಯ ಎಮಿಲ್ ಫಿಷರನು, ಯೀಸ್ಟಿನ ಕಿಣ್ವವು ಒಂದು ವಿನ್ಯಾಸದ ಗ್ಲೂಕೋಸ್ ಬಂಧವನ್ನೂ ಬಾದಾಮಿಯ ಕಿಣ್ವವು ಅದರ ಪ್ರತಿವಿನ್ಯಾಸದ ಬಂಧವನ್ನೂ ಮಾತ್ರ ಬಿಡಿಸುವುದನ್ನು ಕಂಡು, ಕಿಣ್ವಕ್ಕೂ ಅದರ ಗ್ರಾಸಕ್ಕೂ ಇರುವ ಸಂಬಂಧ ಬೀಗಕ್ಕೂ ಕೀಲಿಕೈಗೂ ಇರುವಂಥದೆಂದು ಹೇಳಿದನು. ಬೀಗಕ್ಕೆ ಹೊಂದುವ, ಆದರೆ ಅದನ್ನು ತೆರೆಯಲಾರದ ಹುಸಿ ಕೀಲಿಕೈಯೊಂದನ್ನು ಅದರಲ್ಲಿ ಸಿಕ್ಕಿಸಿಬಿಟ್ಟರೆ ನಿಜವಾದ ಕೀಲಿಕೈಗೆ ಎಡೆಯೆಲ್ಲಿ? ಪ್ರತಿಬಂಧಕ ಔಷಧದ ಬೀಜವು ಈ ಹೋಲಿಕೆಯಲ್ಲಿಯೇ ಅಡಗಿದೆ.

ಕತ್ತರಿಸುವ ಕ್ಷಣದ ರೂಪ

ಆದರೆ ಹೋಲಿಕೆ ಎಷ್ಟಿರಬೇಕು, ಭೇದ ಎಲ್ಲಿರಬೇಕು ಎಂಬುದೇ ಇಲ್ಲಿ ಮುಖ್ಯವಾದ ವಿಚಾರ. ಕಿಣ್ವದ ಹೃದಯದಂತಿರುವ ಕುಳಿಯಲ್ಲಿ ಎರಡು ಆಮ್ಲಗುಂಪುಗಳು ಎದುರುಬದುರಾಗಿ ಕುಳಿತಿರುತ್ತವೆ. ಒಂದು, ಕೊಂಡಿಯ ಆಮ್ಲಜನಕಕ್ಕೆ ಪ್ರೋಟಾನನ್ನು ನೀಡಿ ಬಂಧವನ್ನು ಸಡಿಲಿಸುತ್ತದೆ. ಮತ್ತೊಂದು, ಬಿಡಿಸಲ್ಪಡುತ್ತಿರುವ ಸಕ್ಕರೆಯನ್ನು ಇನ್ನೊಂದು ಬದಿಯಿಂದ ಹಿಡಿದುಕೊಳ್ಳುತ್ತದೆ. ಬಂಧವು ಕಡಿಯುವ ಆ ಕ್ಷಣಾರ್ಧದಲ್ಲಿ ಸಕ್ಕರೆಯ ಉಂಗುರದಲ್ಲಿ ಎರಡು ಬದಲಾವಣೆಗಳಾಗುತ್ತವೆ. ಅದರ ಮೇಲೆ ಧನವಿದ್ಯುದಂಶ ತೋರುತ್ತದೆ; ಮತ್ತು ಕುರ್ಚಿಯಂತೆ ಬಾಗಿದ್ದ ಉಂಗುರ ಕೊಂಚ ಚಪ್ಪಟೆಯಾಗುತ್ತದೆ. ಅಮೆರಿಕದ ಲೈನಸ್ ಪೌಲಿಂಗನು ೧೯೪೦ರ ದಶಕದಲ್ಲಿ ತಿಳಿಸಿದಂತೆ, ಕಿಣ್ವವು ಅತ್ಯಂತ ಬಿಗಿಯಾಗಿ ಅಪ್ಪುವುದು ಮೊದಲಿನ ವಸ್ತುವನ್ನೂ ಅಲ್ಲ, ಕೊನೆಯ ಫಲವನ್ನೂ ಅಲ್ಲ. ನಡುವಣ ಈ ಸಂಕ್ರಮಣರೂಪವನ್ನು.

ಹಾಗಾದರೆ ಒಳ್ಳೆಯ ಪ್ರತಿಬಂಧಕವು ಗ್ಲೂಕೋಸನ್ನು ಹೋಲುವುದಷ್ಟೇ ಸಾಲದು. ಕಡಿಯುತ್ತಿರುವ ಕ್ಷಣದ ಗ್ಲೂಕೋಸನ್ನು ಹೋಲಬೇಕು. ಇದಕ್ಕೆ ಒದಗಿಬಂದ ಆದೇಶವೇ ಸಾರಜನಕ. ಆಮ್ಲಜನಕದ ಸ್ಥಾನದಲ್ಲಿ ಸಾರಜನಕವನ್ನಿರಿಸಿದರೆ ಅಣುವಿನ ಆಕಾರ ಹೆಚ್ಚು ಕೆಡುವುದಿಲ್ಲ. ಆದರೆ ಸಾರಜನಕವು ಕರುಳಿನ ರಸದಲ್ಲಿ ಪ್ರೋಟಾನನ್ನು ಸ್ವೀಕರಿಸಿ ತಾನೇ ಧನವಿದ್ಯುದಂಶವುಳ್ಳದ್ದಾಗುತ್ತದೆ. ಆಮ್ಲಗುಂಪುಗಳು ಅದನ್ನು ಸೆಳೆದು ಹಿಡಿಯುತ್ತವೆ. ಹಿಡಿದ ಮೇಲೆ ಕತ್ತರಿಸಲಾರವು.

ಪ್ರಕೃತಿಯಲ್ಲಿ ದೊರೆತ ಮಾದರಿಗಳು

ಈ ಉಪಾಯವನ್ನು ಮನುಷ್ಯನಿಗಿಂತ ಮೊದಲೇ ಮಣ್ಣಿನ ಸೂಕ್ಷ್ಮಜೀವಿಗಳೂ ಗಿಡಗಳೂ ಬಲ್ಲವು. ೧೯೬೬ರಲ್ಲಿ ಜಪಾನಿನ ವಿಜ್ಞಾನಿಗಳು ಸ್ಟ್ರೆಪ್ಟೊಮೈಸಿಸ್ ಜಾತಿಯ ಜೀವಿಯಿಂದ ಪಡೆದ ನೊಜಿರಿಮೈಸಿನ್ ಎಂಬ ದ್ರವ್ಯದ ರಚನೆಯನ್ನು ಬಿಡಿಸಿ ನೋಡಿದಾಗ, ಅದು ಉಂಗುರದೊಳಗಿನ ಆಮ್ಲಜನಕವನ್ನು ತೆಗೆದು ಸಾರಜನಕವನ್ನಿರಿಸಿದ ಗ್ಲೂಕೋಸೇ ಆಗಿದ್ದಿತು. ಅದರ ಹತ್ತಿರದ ಬಂಧುವಾದ ಡಿಆಕ್ಸಿನೊಜಿರಿಮೈಸಿನ್ ಎಂಬುದನ್ನು ಜರ್ಮನಿಯ ಪೌಲ್‌ಸೆನ್ ಎಂಬ ರಸಾಯನಜ್ಞನು ಅದೇ ದಶಕದಲ್ಲಿ ಪ್ರಯೋಗಶಾಲೆಯಲ್ಲಿ ರಚಿಸಿದನು. ತರುವಾಯ ೧೯೭೬ರಲ್ಲಿ ಅದು ಹಿಪ್ಪುನೇರಳೆಯಲ್ಲಿ ದೊರೆಯಿತು. ಮೊದಲು ಮಾನವಕೃತವಾಗಿ, ಅನಂತರ ಪ್ರಕೃತಿಯಲ್ಲಿ ಪತ್ತೆಯಾದ ಈ ದ್ರವ್ಯದ ಕಥೆ ಸ್ವಾರಸ್ಯವುಳ್ಳದ್ದು.

ಹಿಪ್ಪುನೇರಳೆಯು ನಮ್ಮ ರಾಮನಗರ, ಶಿಡ್ಲಘಟ್ಟಗಳ ರೇಷ್ಮೆ ಬೆಳೆಗಾರರಿಗೆ ಜೀವನಾಧಾರವಾದ ಸಸ್ಯ. ಅದರ ಎಲೆಯನ್ನು ಮುರಿದರೆ ಸುರಿಯುವ ಹಾಲಿನಲ್ಲಿ ಈ ಹುಸಿ ಸಕ್ಕರೆಗಳು ಸಾಂದ್ರವಾಗಿರುತ್ತವೆ. ಬೇರೆ ಜಾತಿಯ ಕಂಬಳಿಹುಳುಗಳಿಗೆ ಅವು ವಿಷಪ್ರಾಯವಾಗುವುದನ್ನೂ ರೇಷ್ಮೆಹುಳುವಿಗೆ ಮಾತ್ರ ಬಾಧಕವಾಗದಿರುವುದನ್ನೂ ಜಪಾನಿನ ವಿಜ್ಞಾನಿಗಳು ೨೦೦೬ರಲ್ಲಿ ತೋರಿಸಿಕೊಟ್ಟರು. ರೇಷ್ಮೆಹುಳುವಿನ ಕಿಣ್ವಗಳು ಈ ಹುಸಿ ಕೀಲಿಕೈಗೆ ಸುಲಭವಾಗಿ ಸಿಕ್ಕಿಬೀಳುವಂಥವಲ್ಲ. ಶತ್ರುವನ್ನು ಹಸಿವಿಗೆ ಕೆಡಹಲು ಗಿಡವು ಕಲಿತ ವಿದ್ಯೆಯೇ ಮನುಷ್ಯನ ಕೈಯಲ್ಲಿ ಔಷಧವಾಯಿತು.

ಇನ್ನೊಂದು ಮಾದರಿ ಅಕಾರ್ಬೋಸ್. ಜರ್ಮನಿಯ ಬೇಯರ್ ಸಂಸ್ಥೆಯ ವಿಜ್ಞಾನಿಗಳು ಆಕ್ಟಿನೋಪ್ಲೇನ್ಸ್ ಎಂಬ ಸೂಕ್ಷ್ಮಜೀವಿಯಿಂದ ಇದನ್ನು ಪಡೆದು ೧೯೭೦ರ ದಶಕದಲ್ಲಿ ವರದಿ ಮಾಡಿದರು. ಇದು ನಾಲ್ಕು ಮಣಿಗಳ ಸರದಂತಿದೆ. ಕೊನೆಯ ಎರಡು ನಿಜವಾದ ಗ್ಲೂಕೋಸ್. ಮೊದಲನೆಯದು ಸಕ್ಕರೆಯಂತೆ ತೋರುವ ಇಂಗಾಲದ ಉಂಗುರ. ಅದರಲ್ಲಿರುವ ದ್ವಿಬಂಧದಿಂದ ಅದು ಚಪ್ಪಟೆಯಾಗಿ, ಹಿಂದೆ ಹೇಳಿದ ಸಂಕ್ರಮಣರೂಪವನ್ನು ತಾಳಿದೆ. ಅದಕ್ಕೂ ಎರಡನೆಯ ಮಣಿಗೂ ನಡುವೆ ಆಮ್ಲಜನಕದ ಕೊಂಡಿಗೆ ಬದಲು ಸಾರಜನಕದ ಕೊಂಡಿ. ಕತ್ತರಿಯು ಸರಿಯಾಗಿ ಅದೇ ಎಡೆಯಲ್ಲಿ ಬಾಯಿ ಹಾಕಿ ಸಿಕ್ಕಿಕೊಳ್ಳುತ್ತದೆ. ಈ ಔಷಧವು ೧೯೯೦ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದಿತು. ೧೯೯೫ರಲ್ಲಿ ಅಮೆರಿಕದಲ್ಲಿ ಅನುಮತಿಯನ್ನು ಪಡೆಯಿತು.

ಮನುಷ್ಯನು ತಿದ್ದಿದ ರೂಪಗಳು

ದೊರೆತದ್ದನ್ನು ದೊರೆತಂತೆಯೇ ಬಳಸದೆ ತಿದ್ದಿ ಹೆಚ್ಚು ಗುಣವುಳ್ಳದ್ದನ್ನಾಗಿ ಮಾಡುವುದೇ ಸಂಶ್ಲೇಷಣಕಲೆ. ಹಿಪ್ಪುನೇರಳೆಯ ದ್ರವ್ಯವು ಪ್ರನಾಳದಲ್ಲಿ ಚೆನ್ನಾಗಿ ಕೆಲಸ ಮಾಡಿದರೂ ಜೀವಿಗಳ ಶರೀರದಲ್ಲಿ ಅಷ್ಟು ಫಲವನ್ನು ಕೊಡಲಿಲ್ಲ. ಅದರ ಸಾರಜನಕಕ್ಕೆ ಎರಡು ಇಂಗಾಲಗಳ ಪುಟ್ಟ ತೋಳೊಂದನ್ನು ಜೋಡಿಸಿದಾಗ ಮಿಗ್ಲಿಟಾಲ್ ಎಂಬ ಔಷಧವಾಯಿತು. ೧೯೯೬ರಲ್ಲಿ ಇದಕ್ಕೆ ಅಮೆರಿಕದ ಅನುಮತಿ ದೊರೆಯಿತು.

ನಾನು ಸೇವಿಸುವ ಗುಳಿಗೆ ವೋಗ್ಲಿಬೋಸ್. ಇದರ ಮೂಲವು ಭತ್ತದ ಗದ್ದೆಗೆ ಸಂಬಂಧಿಸಿದೆ. ಭತ್ತದ ಎಲೆಕವಚಕ್ಕೆ ತಗಲುವ ಶಿಲೀಂಧ್ರರೋಗಕ್ಕೆ ರೈತರು ಸಿಂಪಡಿಸುವ ವ್ಯಾಲಿಡಮೈಸಿನ್ ಎಂಬ ಔಷಧವನ್ನು ತಯಾರಿಸುವ ಸೂಕ್ಷ್ಮಜೀವಿಯ ರಸದಲ್ಲಿಯೇ ವ್ಯಾಲಿಯೋಲಮೈನ್ ಎಂಬ ಇನ್ನೊಂದು ದ್ರವ್ಯವನ್ನು ಜಪಾನಿನ ತಕೇಡಾ ಸಂಸ್ಥೆಯ ವಿಜ್ಞಾನಿಗಳು ಕಂಡರು. ಇದರ ಉಂಗುರದೊಳಗೆ ಆಮ್ಲಜನಕದ ಸ್ಥಾನದಲ್ಲಿ ಇಂಗಾಲ. ಹೊರಗಣ ಕೊಂಡಿಯ ಸ್ಥಾನದಲ್ಲಿ ಸಾರಜನಕ. ಆ ಸಾರಜನಕಕ್ಕೆ ಬಗೆಬಗೆಯ ತೋಳುಗಳನ್ನು ಜೋಡಿಸಿ ಪರೀಕ್ಷಿಸಿ, ಅವುಗಳಲ್ಲಿ ಶ್ರೇಷ್ಠವಾದುದನ್ನು ಆಯ್ದು ೧೯೮೬ರಲ್ಲಿ ಪ್ರಕಟಿಸಿದರು. ಅದೇ ವೋಗ್ಲಿಬೋಸ್, ೧೯೯೪ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದಿತು. ಅಕಾರ್ಬೋಸನ್ನು ಒಂದು ಹೊತ್ತಿಗೆ ೫೦ರಿಂದ ೧೦೦ ಮಿಲಿಗ್ರಾಮಿನಷ್ಟು ಕೊಡುವಲ್ಲಿ, ಇದು ೦.೨ ಅಥವಾ ೦.೩ ಮಿಲಿಗ್ರಾಮಿನಷ್ಟಿದ್ದರೆ ಸಾಕು. ಚಿಕ್ಕದೊಂದು ತೋಳಿನ ಮಹಿಮೆ ಎಂಥದೆಂಬುದಕ್ಕೆ ಇದು ನಿದರ್ಶನ.

ಸಾರಜನಕವೇ ಆದೇಶವಾಗಬೇಕೆಂಬ ಕಟ್ಟಳೆಯೇನೂ ಇಲ್ಲ. ಪಶ್ಚಿಮಘಟ್ಟಗಳಲ್ಲಿಯೂ ಶ್ರೀಲಂಕೆಯಲ್ಲಿಯೂ ಬೆಳೆಯುವ ಏಕನಾಯಕವೆಂಬ ಬಳ್ಳಿಯನ್ನು ಮಧುಮೇಹಕ್ಕೆ ಉಪಯೋಗಿಸುವುದು ಹಿಂದಿನಿಂದ ಬಂದ ರೂಢಿ. ಶ್ರೀಲಂಕೆಯಲ್ಲಿ ಅದರ ಮರದಿಂದ ಕಡೆದ ಪಾತ್ರೆಯಲ್ಲಿ ರಾತ್ರಿ ನೀರಿರಿಸಿ ಮರುದಿನ ಕುಡಿಯುವರು. ೧೯೯೭ರಲ್ಲಿ ಜಪಾನಿನ ಯೋಶಿಕಾವಾ ಮತ್ತು ಸಂಗಡಿಗರು ಈ ಕುಲದ ಸಸ್ಯದಿಂದ ಸಲಾಸಿನಾಲ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಇದರ ಉಂಗುರದಲ್ಲಿ ಆಮ್ಲಜನಕದ ಸ್ಥಾನದಲ್ಲಿರುವುದು ಧನವಿದ್ಯುದಂಶವುಳ್ಳ ಗಂಧಕ. ಮುಂದೆ ಕೆನಡಾದ ಪಿಂಟೊ ಮೊದಲಾದವರು ಇದನ್ನೂ ಇದರ ಅನೇಕ ರೂಪಾಂತರಗಳನ್ನೂ ಪ್ರಯೋಗಶಾಲೆಯಲ್ಲಿ ಕಟ್ಟಿದರು. ೨೦೦೮ರಲ್ಲಿ ಮನುಷ್ಯನ ಕರುಳಿನ ಮಾಲ್ಟೇಸ್ ಕಿಣ್ವದ ಒಂದು ಭಾಗದ ಸ್ಫಟಿಕರಚನೆ, ಅಕಾರ್ಬೋಸ್ ಅದರೊಳಗೆ ಕುಳಿತ ಭಂಗಿಯ ಸಮೇತ, ಪ್ರಕಟವಾದುದರಿಂದ ಇಂತಹ ರಚನಕಾರರಿಗೆ ಬೀಗದ ಒಳಗನ್ನೇ ಕಣ್ಣಾರೆ ಕಂಡಂತಾಯಿತು.

ರಚನೆಯ ನಿಯಮಗಳು

ಇದುವರೆಗೆ ಹೇಳಿದುದನ್ನು ಸಂಗ್ರಹಿಸಿದರೆ ನಾಲ್ಕು ನಿಯಮಗಳು ಹೊರಡುತ್ತವೆ. ಮೊದಲನೆಯದಾಗಿ, ಉಂಗುರದ ಸುತ್ತಲಿನ ಹೈಡ್ರಾಕ್ಸಿಲ್ ಗುಂಪುಗಳ ದಿಕ್ಕು ಗ್ಲೂಕೋಸಿನಲ್ಲಿರುವಂತೆಯೇ ಇರಬೇಕು. ಇಲ್ಲವಾದರೆ ಕಿಣ್ವವು ಗುರುತಿಸದು. ಎರಡನೆಯದಾಗಿ, ಕಡಿಯುವ ಸ್ಥಾನದಲ್ಲಿ ಕಡಿಯಲಾಗದ ಆದೇಶವಿರಬೇಕು. ಮೂರನೆಯದಾಗಿ, ಬೇಕಾದ ಕಿಣ್ವವನ್ನು ಮಾತ್ರ ಹಿಡಿಯುವ ವಿವೇಕವನ್ನು ತೋಳುಗಳ ಜೋಡಣೆಯಿಂದ ಒದಗಿಸಬೇಕು. ನಾಲ್ಕನೆಯದಾಗಿ, ಔಷಧವು ಸಾಧ್ಯವಾದಷ್ಟು ಕರುಳಿನಲ್ಲಿಯೇ ಉಳಿಯಬೇಕು. ಏಕೆಂದರೆ ಶರೀರದ ಇತರ ಭಾಗಗಳಲ್ಲಿಯೂ ಇಂತಹ ಕಿಣ್ವಗಳು ಬೇರೆ ಅವಶ್ಯಕ ಕಾರ್ಯಗಳಲ್ಲಿ ತೊಡಗಿವೆ. ಅಕಾರ್ಬೋಸಿನಲ್ಲಿ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ ಮಾತ್ರ ಔಷಧರೂಪದಲ್ಲಿಯೇ ರಕ್ತವನ್ನು ಸೇರುತ್ತದೆ. ಮಿಗ್ಲಿಟಾಲ್ ಹಾಗಲ್ಲ, ಅದು ರಕ್ತವನ್ನು ಸೇರಿ ಮೂತ್ರಪಿಂಡದ ಮೂಲಕ ಮಾರ್ಪಡದೆ ಹೊರಹೋಗುತ್ತದೆ.

ಹೊಸ ಸಂಯುಕ್ತಗಳನ್ನು ರಚಿಸುವ ಕಾರ್ಯ ಇಂದಿಗೂ ಅನೇಕ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಸಕ್ಕರೆಯನ್ನು ಹೋಲದ, ಸಾರಜನಕ ಗಂಧಕಗಳ ಉಂಗುರಗಳುಳ್ಳ ಎಷ್ಟೋ ಅಣುಗಳನ್ನು ಗಣಕಯಂತ್ರದಲ್ಲಿ ಮೊದಲು ಕಿಣ್ವದ ಕುಳಿಗೆ ಹೊಂದಿಸಿ ನೋಡಿ, ಬಳಿಕ ತಯಾರಿಸುತ್ತಾರೆ. ಪರೀಕ್ಷೆಯ ಕ್ರಮವೂ ಸುಲಭವಾದದ್ದು: ಬಣ್ಣವಿಲ್ಲದ ಕೃತಕ ಗ್ರಾಸವೊಂದನ್ನು ಕಿಣ್ವಕ್ಕೆ ಕೊಟ್ಟರೆ ಅದು ಕಡಿದು ಹಳದಿ ಬಣ್ಣ ತೋರುತ್ತದೆ, ಪ್ರತಿಬಂಧಕವಿದ್ದರೆ ಹಳದಿ ಮಾಸುತ್ತದೆ. ಕಿಣ್ವದ ವೇಗವನ್ನು ಅರ್ಧಕ್ಕೆ ಇಳಿಸಲು ಎಷ್ಟು ದ್ರವ್ಯ ಬೇಕೆಂಬುದರ ಮೇಲೆ ಅದರ ಬಲವನ್ನು ಅಳೆಯುವರು.

ಇಲ್ಲಿ ಎಚ್ಚರಿಕೆಯೊಂದುಂಟು. ಅಗ್ಗವಾಗಿ ದೊರೆಯುವುದೆಂದು ಯೀಸ್ಟಿನ ಕಿಣ್ವವನ್ನೇ ಈ ಪರೀಕ್ಷೆಗೆ ಬಳಸುವುದು ಹೆಚ್ಚು. ಆದರೆ ಯೀಸ್ಟಿನ ಕಿಣ್ವವೂ ಮನುಷ್ಯನ ಕರುಳಿನ ಕಿಣ್ವವೂ ಹೆಸರಿನಿಂದ ಒಂದೇ ಆದರೂ ಕುಲದಿಂದ ಬೇರೆ. ಲಕ್ಷಾಂತರ ಜನರಿಗೆ ಉಪಕರಿಸಿದ ಅಕಾರ್ಬೋಸೇ ಯೀಸ್ಟಿನ ಕಿಣ್ವದ ಮುಂದೆ ದುರ್ಬಲ. ಹಾಗೆಯೇ ಯೀಸ್ಟಿನ ಮುಂದೆ ಗೆದ್ದುದು ಕರುಳಿನಲ್ಲಿ ಗೆಲ್ಲುವುದೆಂಬ ಭರವಸೆಯಿಲ್ಲ. ಸಮಾನಶಬ್ದವನ್ನು ಕಂಡು ಸಮಾನಾರ್ಥವನ್ನು ಊಹಿಸಬಾರದೆಂದು ನಾವು ಮಕ್ಕಳಿಗೆ ಹೇಳುವ ಮಾತು ಪ್ರಯೋಗಶಾಲೆಗೂ ಸಲ್ಲುತ್ತದೆ.

ಗುಣವೂ ದೋಷವೂ

ಈ ಔಷಧಗಳು ಅನ್ನವನ್ನು ನಿರಾಕರಿಸುವುದಿಲ್ಲ; ತಡಮಾಡುತ್ತವೆ. ಕರುಳಿನ ಮೇಲ್ಭಾಗದಲ್ಲಿ ಒಮ್ಮೆಗೇ ಮುಗಿಯಬೇಕಾದ ಜೀರ್ಣಕ್ರಿಯೆಯು ಕರುಳಿನ ಉದ್ದಕ್ಕೂ ಹಂಚಿಹೋಗುವುದರಿಂದ, ಊಟವಾದ ಬಳಿಕ ರಕ್ತದಲ್ಲಿ ಸಕ್ಕರೆಯು ಒಮ್ಮೆಲೇ ಉಕ್ಕದೆ ಮೆಲ್ಲಗೆ ಏರುತ್ತದೆ. ಆದರೆ ಜೀರ್ಣವಾಗದೆ ಉಳಿದ ಪಿಷ್ಟವು ದೊಡ್ಡ ಕರುಳನ್ನು ಸೇರಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ವಾಯುವನ್ನುಂಟುಮಾಡುತ್ತವೆ. ಹೊಟ್ಟೆಯುಬ್ಬರ, ಅಪಾನವಾಯು, ಕೆಲವೊಮ್ಮೆ ಭೇದಿ, ಇವು ಈ ಔಷಧಗಳ ಪರಿಚಿತ ದೋಷಗಳು. ವೋಗ್ಲಿಬೋಸ್ ಮೇದೋಜೀರಕದ ಅಮೈಲೇಸನ್ನು ತಡೆಯದೆ ಕರುಳಿನ ಗ್ಲೂಕೋಸಿಡೇಸುಗಳನ್ನು ಮಾತ್ರ ಹಿಡಿಯುವುದು ಮೂರನೆಯ ನಿಯಮಕ್ಕೆ ಸಂದ ಫಲ.

ಫಲದ ಅಳತೆಯೂ ನಡೆದಿದೆ. ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ಅಕಾರ್ಬೋಸಿನ ಪ್ರಯೋಗ ನಡೆದು ೨೦೦೨ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ನೂರಕ್ಕೆ ೩೨ ಮಂದಿಗೂ, ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ ೪೨ ಮಂದಿಗೂ ಮಧುಮೇಹ ಬಂದಿತು. ಆದರೆ ಔಷಧ ಪಡೆದವರಲ್ಲಿ ನೂರಕ್ಕೆ ೩೧ ಮಂದಿ ನಡುವೆಯೇ ಬಿಟ್ಟರು. ಹುಸಿಗುಳಿಗೆಯವರಲ್ಲಿ ಹಾಗೆ ಬಿಟ್ಟವರು ನೂರಕ್ಕೆ ೧೯. ಜಪಾನಿನಲ್ಲಿ ವೋಗ್ಲಿಬೋಸನ್ನು ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದ ವರದಿಯಲ್ಲಿ ಔಷಧ ಪಡೆದ ೮೯೭ ಮಂದಿಯಲ್ಲಿ ೫೦ ಮಂದಿಗೂ, ಪಡೆಯದ ೮೮೧ ಮಂದಿಯಲ್ಲಿ ೧೦೬ ಮಂದಿಗೂ ಮಧುಮೇಹ ಉಂಟಾಯಿತು. ಚೀನಾದಲ್ಲಿ ಹೃದ್ರೋಗವಿದ್ದ ೬೫೨೨ ಮಂದಿಯ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯಾದರೋ ಅಕಾರ್ಬೋಸ್ ಮಧುಮೇಹವನ್ನು ತಗ್ಗಿಸಿದರೂ ಹೃದಯಾಘಾತಾದಿಗಳನ್ನು ತಗ್ಗಿಸಲಿಲ್ಲ. ಔಷಧದಿಂದ ಅದರ ಶಕ್ತಿಗೆ ಮೀರಿದ್ದನ್ನು ಬಯಸಬಾರದು.

ಉಪಸಂಹಾರ

ಈಗ ಪರೀಕ್ಷೆಯ ಕೊಠಡಿಗೆ ಹಿಂತಿರುಗೋಣ. ವೋಗ್ಲಿಬೋಸ್ ತಾನೊಂದೇ ಇದ್ದಾಗ ರಕ್ತದ ಸಕ್ಕರೆಯನ್ನು ಅಪಾಯಕ್ಕೆ ಇಳಿಸುವುದು ಅಪರೂಪ. ಆದರೆ ನಾನು ನುಂಗಿದ ಎರಡನೆಯ ಗುಳಿಗೆ ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುವಂಥದು. ಊಟ ಕಡಿಮೆಯಾದುದರಿಂದ ಅದು ಸಕ್ಕರೆಯನ್ನು ಇಳಿಸಿತು. ಜವಾನನು ಪ್ರೀತಿಯಿಂದ ಕುಡಿಸಿದ ಸಕ್ಕರೆಯನ್ನು ಬಿಡಿಸಬೇಕಾದ ಸುಕ್ರೇಸ್ ಎಂಬ ಕತ್ತರಿಯ ಬಾಯಲ್ಲಿ ಮೊದಲನೆಯ ಗುಳಿಗೆ ಸಿಕ್ಕಿಕೊಂಡಿದ್ದಿತು. ಬಿಡಿ ಮಣಿಯಾದ ಗ್ಲೂಕೋಸಿಗೆ ಆ ತಡೆಯಿರಲಿಲ್ಲ. ಇದೇ ಉತ್ತರದ ಉಳಿದರ್ಧ.

ಆದುದರಿಂದ ಈ ಬಗೆಯ ಗುಳಿಗೆಯನ್ನು ಸೇವಿಸುವವರು ಮೂರು ಸಂಗತಿಗಳನ್ನು ಮರೆಯಬಾರದು. ಗುಳಿಗೆಯನ್ನು ವೈದ್ಯರು ಹೇಳಿದಂತೆ ಊಟದ ಆರಂಭದಲ್ಲಿಯೇ ತೆಗೆದುಕೊಳ್ಳಬೇಕು. ಉಂಡು ಬಹಳ ಹೊತ್ತಾದ ಮೇಲೆ ನುಂಗಿದರೆ ಕತ್ತರಿಯ ಕೆಲಸ ಮುಗಿದಿರುತ್ತದೆ. ಗುಳಿಗೆ ನುಂಗಿ ಊಟವನ್ನು ತಪ್ಪಿಸಬಾರದು. ಇನ್ಸುಲಿನ್ನನ್ನಾಗಲಿ ಇನ್ಸುಲಿನ್ ಹೆಚ್ಚಿಸುವ ಗುಳಿಗೆಯನ್ನಾಗಲಿ ಜೊತೆಗೆ ತೆಗೆದುಕೊಳ್ಳುವವರು ಗ್ಲೂಕೋಸ್ ಪುಡಿಯನ್ನು ಕೈಗೆಟುಕುವಲ್ಲಿ ಇಟ್ಟುಕೊಂಡಿರಬೇಕು. ತಮ್ಮ ಗುಳಿಗೆಯ ಹೆಸರನ್ನು ಮನೆಯವರಿಗೂ ಸಹೋದ್ಯೋಗಿಗಳಿಗೂ ತಿಳಿಸಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಅಂದಿನಿಂದ ನಮ್ಮ ಶಾಲೆಯ ಕಚೇರಿಯ ಕಪಾಟಿನಲ್ಲಿ ಗ್ಲೂಕೋಸಿನ ಡಬ್ಬಿಯೊಂದು ಇದೆ. ಈ ಸಂಚಿಕೆಯನ್ನು ಓದುವ ಅಧ್ಯಾಪಕರು ತಮ್ಮ ತಮ್ಮ ಶಾಲೆಗಳಲ್ಲಿಯೂ, ಹಿರಿಯರಾದ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಮನೆಗಳಲ್ಲಿಯೂ ಹಾಗೆ ಮಾಡಿದರೆ ಈ ಬರಹವು ಸಾರ್ಥಕವಾದಂತೆ.

ಸ್ಥಾನಿಯ ಕಾರ್ಯವು ಆದೇಶಕ್ಕೂ ಸಲ್ಲುವುದೆಂದು ವ್ಯಾಕರಣವು ಹೇಳುತ್ತದೆ. ಸಲ್ಲದ ಎಡೆಗಳೂ ಉಂಟೆಂದು ಅದೇ ವ್ಯಾಕರಣವು ಒಪ್ಪುತ್ತದೆ. ಸಕ್ಕರೆಯ ಸ್ಥಾನದಲ್ಲಿ ಬಂದು ನಿಂತು, ಸಕ್ಕರೆಯ ಕಾರ್ಯವನ್ನು ಮಾತ್ರ ಮಾಡದಿರುವ ಈ ಅಣುವಿನಿಂದ ರೋಗಿಗೆ ಹಿತವಾಗುತ್ತಿದೆ. ಆ ಹಿತವು ನಿಲ್ಲಬೇಕಾದರೆ ಸೇವಿಸುವವನಿಗೂ ಅದರ ಸ್ವಭಾವದ ತಿಳಿವಳಿಕೆ ಇರತಕ್ಕದ್ದು.